ಪರಲೋಕದಲ್ಲಿ ನಮ್ಮವರು: ಕ್ರೈಸ್ತ ನಂಬಿಕೆಯ ಒಂದು ಪ್ರಶ್ನೆಯ ಇತಿಹಾಸ

ನವೆಂಬರ್ ೧ ಎಂದೊಡನೆ ಕನ್ನಡಿಗರಾದ ನಮ್ಮ ಮನಸ್ಸಿನಲ್ಲಿ ಮೂಡುವುದು ೧೯೫೬ರಲ್ಲಿ ನಾಡು ಒಂದಾದ ಶುಭದಿನ. ನಮ್ಮ ನಾಡಿನವರೇ ಆದ ಕ್ಯಾಥೊಲಿಕ್ ಬಂಧುಗಳಿಗೆ ಆ ದಿನಕ್ಕೆ ಇನ್ನೊಂದು ಹಿರಿಮೆಯೂ ಉಂಟು. ಅದು ಸಕಲ ಸಂತರ ಹಬ್ಬ. ಮರುದಿನ, ನವೆಂಬರ್ ೨, ತೀರಿಹೋದವರೆಲ್ಲರ ಸ್ಮರಣೆಯ ದಿನ. ಅಂದು ಮಂಗಳೂರಿನ ಕಡೆಯ ಇಗರ್ಜಿಗಳ ಸ್ಮಶಾನಗಳಲ್ಲಿ ಗೋರಿಗಳನ್ನು ಶುಚಿಮಾಡಿ, ಹೂವಿಟ್ಟು, ಮೇಣದ ಬತ್ತಿಗಳನ್ನು ಹಚ್ಚುತ್ತಾರೆ. ತಾಯಿಯ ಗೋರಿಯ ಮುಂದೆ ಬತ್ತಿ ಹಚ್ಚಿ ನಿಂತ ಮಗನು ಎದುರುನೋಡುವುದಾದರೂ ಏನನ್ನು? ತಾಯಿ ದೇವರ ಸನ್ನಿಧಿಯಲ್ಲಿ ಸುಖವಾಗಿದ್ದಾಳೆ ಎಂಬುದು ಒಂದು ನಂಬಿಕೆ. ಅವಳನ್ನು ನಾನು ಮತ್ತೆ ಕಾಣುವೆನು ಎಂಬುದು ಇನ್ನೊಂದು. ಮೇಲ್ನೋಟಕ್ಕೆ ಇವೆರಡೂ ಒಂದೇ ಎಂದು ತೋರುತ್ತದೆ. ಆದರೆ ಎರಡು ಸಾವಿರ ವರ್ಷಗಳ ಕ್ರೈಸ್ತ ಚರಿತ್ರೆಯನ್ನು ನೋಡಿದರೆ ಒಮ್ಮೆ ಇದು, ಒಮ್ಮೆ ಅದು ಮುಂದೆ ಬಂದಿರುವುದು ಕಾಣಬರುತ್ತದೆ. ಆ ಕಥೆಯನ್ನು ಇಲ್ಲಿ ಸ್ಥೂಲವಾಗಿ ನೋಡೋಣ.

ಕ್ರೈಸ್ತಧರ್ಮ ಹುಟ್ಟಿದ್ದು ಯೆಹೂದ್ಯರ ನಡುವೆ. ಯೆಹೂದ್ಯರ ಪ್ರಾಚೀನ ಗ್ರಂಥಗಳಲ್ಲಿ ಸತ್ತವರು, ಒಳ್ಳೆಯವರಿರಲಿ ಕೆಟ್ಟವರಿರಲಿ, ಹೋಗುವುದು ಶೆಯೋಲ್ ಎಂಬ ಮಬ್ಬುಗತ್ತಲೆಯ ಪಾತಾಳಕ್ಕೆ. ಸತ್ತವರು ಮತ್ತೆ ಎದ್ದು ಬರುವರೆಂಬ ಮಾತು ಸ್ಪಷ್ಟವಾಗಿ ಕೇಳಿಬರುವುದು ಕ್ರಿ.ಪೂ. ೨ನೇ ಶತಮಾನದ ದಾನಿಯೇಲನ ಗ್ರಂಥದಲ್ಲಿ. ಯೇಸುವಿನ ಕಾಲಕ್ಕೆ ಫರಿಸಾಯರು ಈ ಪುನರುತ್ಥಾನವನ್ನು ಒಪ್ಪುತ್ತಿದ್ದರು, ಸದ್ದುಕಾಯರು ಒಪ್ಪುತ್ತಿರಲಿಲ್ಲ. ಸದ್ದುಕಾಯರು ಯೇಸುವನ್ನು ಸಿಕ್ಕಿಸಲು ಒಂದು ಪ್ರಶ್ನೆ ಹಾಕಿದರು. ಒಬ್ಬಳೇ ಹೆಂಗಸು ಏಳು ಮಂದಿ ಸೋದರರನ್ನು ಒಬ್ಬರು ಸತ್ತ ಮೇಲೊಬ್ಬರಂತೆ ಮದುವೆಯಾಗಿದ್ದರೆ, ಪುನರುತ್ಥಾನದಲ್ಲಿ ಆಕೆ ಯಾರ ಹೆಂಡತಿ? ಅಲ್ಲಿ ಮದುವೆಯೆಂಬುದೇ ಇಲ್ಲ, ಅವರು ದೇವದೂತರಂತೆ ಇರುವರು ಎಂದು ಯೇಸು ಉತ್ತರಿಸಿದನು. ಸದ್ದುಕಾಯರ ಬಾಯಿ ಮುಚ್ಚಿತು. ಆದರೆ ಗಂಡನನ್ನು ಕಳೆದುಕೊಂಡ ಹೆಂಗಸು ಆ ಉತ್ತರವನ್ನು ಕೇಳಿ ಏನೆಂದುಕೊಂಡಿರಬೇಕು? ನಮ್ಮ ಪ್ರಶ್ನೆಯ ಬೀಜ ಅಲ್ಲಿಯೇ ಇದೆ.

ಆ ಅಳಲನ್ನು ಸುಮಾರು ಕ್ರಿ.ಶ. ೫೦ರಲ್ಲಿ ಥೆಸಲೋನಿಕದ ಸಭೆಯಲ್ಲಿ ಕಾಣುತ್ತೇವೆ. ಯೇಸು ಬೇಗನೆ ಮರಳಿ ಬರುವನೆಂದು ಅಲ್ಲಿನವರು ಕಾದಿದ್ದರು. ಅಷ್ಟರಲ್ಲಿ ಅವರಲ್ಲಿ ಕೆಲವರು ತೀರಿಕೊಂಡರು. ಅವರ ಗತಿಯೇನು? ಸತ್ತವರೇ ಮೊದಲು ಏಳುವರು, ಬಳಿಕ ಎಲ್ಲರೂ ಕೂಡಿಯೇ ಪ್ರಭುವನ್ನು ಎದುರುಗೊಳ್ಳುವರು ಎಂದು ಪೌಲನು ಬರೆದನು. ಹೊಸ ಒಡಂಬಡಿಕೆಯ ಅತ್ಯಂತ ಹಳೆಯ ಬರಹವೆಂದು ಬಹುಮಂದಿ ವಿದ್ವಾಂಸರು ಎಣಿಸುವ ಪತ್ರವಿದು. ಅದರಲ್ಲಿಯೇ ದುಃಖಿತರಿಗೆ ಹೇಳಿದ ಸಮಾಧಾನವಿದೆ ಎಂಬುದನ್ನು ನಾವು ಮರೆಯಬಾರದು.

ಇದೇ ಪೌಲನು ಫಿಲಿಪ್ಪಿಯವರಿಗೆ ಬರೆಯುತ್ತ, ನಮ್ಮ ಪೌರತ್ವವು ಪರಲೋಕದಲ್ಲಿದೆ ಎಂಬ ಅರ್ಥದ ಮಾತನ್ನು ಹೇಳಿದ್ದಾನೆ. ಫಿಲಿಪ್ಪಿ ಗ್ರೀಕರ ನಾಡಿನಲ್ಲಿದ್ದ ರೋಮಿನ ವಸಾಹತು. ಅಲ್ಲಿನ ರೋಮನ್ ಪೌರರು ರೋಮನ್ನು ಕಾಣದಿದ್ದರೂ ರೋಮಿನ ಕಾನೂನಿನಂತೆ ಬಾಳುತ್ತಿದ್ದರು. ಆದುದರಿಂದ ಪೌಲನ ಮಾತಿನ ಸ್ವಾರಸ್ಯ ಅವರಿಗೆ ಒಡನೆಯೇ ಹೊಳೆದಿರಬೇಕು. ಆದಿ ಕ್ರೈಸ್ತರು ತಮ್ಮನ್ನು ಪರವೂರಿನಲ್ಲಿ ಬೀಡುಬಿಟ್ಟವರೆಂದೇ ಕರೆದುಕೊಂಡರು. ಆ ಅರ್ಥದ ಗ್ರೀಕ್ ಶಬ್ದ ಪರೋಯ್ಕಿಯ. ಇಂದು ಇಗರ್ಜಿಯ ವ್ಯಾಪ್ತಿಗೆ ಹೇಳುವ ಪ್ಯಾರಿಷ್ ಎಂಬ ಮಾತು ಹುಟ್ಟಿದ್ದು ಅದರಿಂದಲೇ. ಹೊಟ್ಟೆಪಾಡಿಗಾಗಿ ತವರುನಾಡನ್ನು ಬಿಟ್ಟು ಬಂದ ನಮ್ಮಂಥವರಿಗೆ ಈ ಮಾತಿನ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ತವರು ಹೇಗಿದ್ದೀತು? ೧ನೇ ಶತಮಾನದ ಕೊನೆಯದೆನ್ನಲಾದ ಪ್ರಕಟನೆಯ ಗ್ರಂಥದಲ್ಲಿ ಅದು ಹನ್ನೆರಡು ಬಾಗಿಲುಗಳ ನಗರ. ಆ ಬಾಗಿಲುಗಳನ್ನು ಎಂದೂ ಮುಚ್ಚುವುದಿಲ್ಲ; ಅಲ್ಲಿ ಗುಡಿಯಿಲ್ಲ, ಸೂರ್ಯನ ಅಗತ್ಯವಿಲ್ಲ, ಕಣ್ಣೀರಿಲ್ಲ, ಸಾವಿಲ್ಲ. ಗಮನಿಸಬೇಕಾದ ಸಂಗತಿಯೊಂದಿದೆ. ಮನುಷ್ಯರು ಆ ನಗರಕ್ಕೆ ಏರಿ ಹೋಗುವುದಿಲ್ಲ, ನಗರವೇ ಹೊಸ ಭೂಮಿಗೆ ಇಳಿದು ಬರುತ್ತದೆ. ದೇಹವನ್ನು ತೊರೆದು ಆತ್ಮ ಮಾತ್ರ ಮೇಲಕ್ಕೆ ಹಾರಿಹೋಗುವುದೆಂಬುದು ಮೊದಲಿನ ಆಶೆಯಾಗಿರಲಿಲ್ಲ.

ಹಿಂಸೆ ಮತ್ತು ಪಿಡುಗುಗಳ ಕಾಲದಲ್ಲಿ ಈ ಆಶೆಗೆ ಇನ್ನಷ್ಟು ಹತ್ತಿರದ ರೂಪ ಬಂದಿತು. ೨೦೩ರಲ್ಲಿ ಉತ್ತರ ಆಫ್ರಿಕದ ಕಾರ್ಥೇಜಿನಲ್ಲಿ ಪರ್ಪೆಟುವಾ ಎಂಬ ಇಪ್ಪತ್ತೆರಡರ ತರುಣಿಯನ್ನು ಸೆರೆಯಲ್ಲಿಟ್ಟರು. ಮೊಲೆಯುಣ್ಣುವ ಕೂಸಿನ ತಾಯಿ ಆಕೆ. ಸೆರೆಮನೆಯಲ್ಲಿ ಕಂಡ ಕನಸುಗಳನ್ನು ಆಕೆಯೇ ಬರೆದಿಟ್ಟಳೆಂದು ಹೇಳುತ್ತಾರೆ. ಒಂದು ಕನಸಿನಲ್ಲಿ ವಿಶಾಲವಾದ ತೋಟ. ಅದರ ನಡುವೆ ಕುರಿಗಳ ಹಾಲು ಕರೆಯುತ್ತಿರುವ ನರೆಗೂದಲಿನ ಕುರುಬ. ಅವನು ಕೊಟ್ಟ ಹೆಪ್ಪುಗಟ್ಟಿದ ಹಾಲಿನ ತುಣುಕನ್ನು ಆಕೆ ಬೊಗಸೆಯೊಡ್ಡಿ ತಿಂದಳು. ಎಚ್ಚರವಾದಾಗಲೂ ಬಾಯಲ್ಲಿ ಸಿಹಿಯಿತ್ತು. ಇನ್ನೊಂದು ಕನಸಿನಲ್ಲಿ ಏಳು ವರ್ಷಕ್ಕೇ ಮುಖದ ಹುಣ್ಣಿನಿಂದ ಸತ್ತಿದ್ದ ತಮ್ಮ ದಿನೊಕ್ರಾತೆಸನು ಕಾಣಿಸಿಕೊಂಡನು. ಎಟುಕದ ತೊಟ್ಟಿಯ ನೀರಿಗಾಗಿ ಅವನು ಹಂಬಲಿಸುತ್ತಿದ್ದನು. ಅಕ್ಕ ಅವನಿಗಾಗಿ ಹಗಲಿರುಳು ಪ್ರಾರ್ಥಿಸಿದಳು. ಮತ್ತೆ ಕಂಡಾಗ ತೊಟ್ಟಿ ತಗ್ಗಾಗಿತ್ತು, ಹುಡುಗ ನೀರು ಕುಡಿದು ಆಡಲು ಓಡಿದನು. ಇರುವವರ ಪ್ರಾರ್ಥನೆ ಹೋದವರನ್ನು ಮುಟ್ಟುತ್ತದೆ ಎಂಬ ನಂಬಿಕೆಯ ಹಳೆಯ ದಾಖಲೆಗಳಲ್ಲಿ ಇದೊಂದು. ಸುಮಾರು ೨೫೨ರಲ್ಲಿ ಅದೇ ಊರಿನಲ್ಲಿ ಸಾಂಕ್ರಾಮಿಕ ರೋಗ ಹಬ್ಬಿ ಜನ ಸಾಯುತ್ತಿದ್ದಾಗ ಬಿಷಪ್ ಸಿಪ್ರಿಯನ್ ತನ್ನ ಜನರಿಗೆ ಒಂದು ಪ್ರಬಂಧ ಬರೆದನು. ಪರಲೋಕವೇ ನಮ್ಮ ತವರು, ಅಲ್ಲಿ ತಂದೆತಾಯಿಗಳೂ ಸೋದರರೂ ಮಕ್ಕಳೂ ನಮ್ಮ ದಾರಿ ಕಾಯುತ್ತಿದ್ದಾರೆ ಎಂಬುದು ಅವನ ಸಾಂತ್ವನ.

ಮುಂದೆ ವಿದ್ವಾಂಸರ ಕಾಲ ಬಂದಿತು. ೪೧೦ರಲ್ಲಿ ರೋಮ್ ನಗರ ಸೂರೆಯಾದ ಮೇಲೆ ಸಂತ ಅಗಸ್ಟಿನ್ ೪೧೩ರಿಂದ ೪೨೬ರವರೆಗೆ ಕುಳಿತು 'ದೇವನಗರ'ವನ್ನು ಕುರಿತ ಮಹಾಗ್ರಂಥವನ್ನು ಬರೆದನು. ದೇವರನ್ನು ಕಾಣುವುದು, ಪ್ರೀತಿಸುವುದು, ಸ್ತುತಿಸುವುದು, ಇದೇ ಅಲ್ಲಿಯ ಆನಂದ ಎಂಬುದು ಅದರ ಕೊನೆಯ ಮಾತು. ಸತ್ತೊಡನೆ ಈ ದರ್ಶನ ದೊರೆಯುವುದೆ, ಅಥವಾ ಅಂತಿಮ ತೀರ್ಪಿನವರೆಗೆ ಕಾಯಬೇಕೆ ಎಂಬ ವಿವಾದ ೧೪ನೇ ಶತಮಾನದಲ್ಲಿ ಎದ್ದಿತು. ಕಾಯಬೇಕೆಂದು ಉಪದೇಶಿಸಿದವರು ಸ್ವತಃ ಪೋಪ್ ೨೨ನೇ ಜಾನ್. ೧೩೩೪ರಲ್ಲಿ ಮರಣಶಯ್ಯೆಯಲ್ಲಿ ಅವರು ಆ ಮಾತನ್ನು ಹಿಂತೆಗೆದುಕೊಂಡರು. ಶುದ್ಧವಾದ ಆತ್ಮಗಳು ಕೂಡಲೇ ದೇವರನ್ನು ಮುಖಾಮುಖಿಯಾಗಿ ಕಾಣುತ್ತವೆ ಎಂದು ೧೩೩೬ರಲ್ಲಿ ೧೨ನೇ ಬೆನೆಡಿಕ್ಟ್ ನಿರ್ಣಯ ಕೊಟ್ಟರು. ಶುದ್ಧಿಯಾಗದವರು ಮೊದಲು ಶುದ್ಧೀಕರಣ ಸ್ಥಳದಲ್ಲಿ ನೋಯಬೇಕು. ಇರುವವರ ಪ್ರಾರ್ಥನೆ ಅವರಿಗೆ ನೆರವಾಗುತ್ತದೆ. ನವೆಂಬರ್ ೨ರ ಬತ್ತಿಗಳಿಗೆ ಆಧಾರವಾದುದು ಈ ಉಪದೇಶವೇ.

೧೫೧೭ರಲ್ಲಿ ಮಾರ್ಟಿನ್ ಲೂಥರ್ ಆರಂಭಿಸಿದ ಸುಧಾರಣೆಯಿಂದ ಈ ಕೊಂಡಿ ಕಡಿಯಿತು. ಹಣ ಕೊಟ್ಟು ಪಾಪದ ದಂಡನೆಯನ್ನು ಕಳೆದುಕೊಳ್ಳುವ ವ್ಯಾಪಾರವನ್ನು ಅವನು ಖಂಡಿಸಿದ್ದು ನ್ಯಾಯವೇ. ಆದರೆ ಕ್ರಮೇಣ ಪ್ರಾಟೆಸ್ಟಂಟರಲ್ಲಿ ಶುದ್ಧೀಕರಣ ಸ್ಥಳವೂ ಸತ್ತವರಿಗಾಗಿ ಮಾಡುವ ಪೂಜೆಯೂ ಇಲ್ಲವಾದಾಗ, ಹೋದವರಿಗಾಗಿ ಇರುವವರು ಮಾಡಬಹುದಾದ ಕೆಲಸವೇ ಉಳಿಯಲಿಲ್ಲ. ಆ ಲೂಥರನೂ ತಂದೆಯಲ್ಲವೆ? ೧೫೩೦ರಲ್ಲಿ ನಾಲ್ಕು ವರ್ಷದ ಮಗ ಹಾನ್ಸನಿಗೆ ಬರೆದ ಕಾಗದದಲ್ಲಿ ಪರಲೋಕವನ್ನು ಒಂದು ತೋಟವನ್ನಾಗಿ ಬಣ್ಣಿಸಿದ್ದಾನೆ. ಅಲ್ಲಿ ಮಕ್ಕಳು ಸೇಬನ್ನೂ ಚೆರಿ ಹಣ್ಣನ್ನೂ ಆಯುತ್ತಾರೆ. ಬಂಗಾರದ ಕಡಿವಾಣದ ಪುಟ್ಟ ಕುದುರೆಗಳಿವೆ. ೧೫೪೨ರಲ್ಲಿ ಹದಿಮೂರರ ಮಗಳು ಮಗ್ದಲೇನ ಸತ್ತಾಗ, ಮಗಳು ಸುಖವಾಗಿದ್ದಾಳೆಂದು ತಿಳಿದಿದ್ದರೂ ಅವನಿಗೆ ದುಃಖ ತಡೆಯಲಾಗಲಿಲ್ಲ.

ಆ ಕಡಿದ ಕೊಂಡಿಯ ನೋವು ಎದ್ದು ಕಂಡಿದ್ದು ಅಮೆರಿಕದಲ್ಲಿ. ೧೮೬೧ರಿಂದ ೧೮೬೫ರವರೆಗಿನ ಅಂತರ್ಯುದ್ಧದಲ್ಲಿ ಆರು ಲಕ್ಷಕ್ಕೂ ಮೇಲ್ಪಟ್ಟು ಜನ ಸತ್ತರು. ೧೮೬೮ರಲ್ಲಿ ಎಲಿಜಬೆತ್ ಸ್ಟುವರ್ಟ್ ಫೆಲ್ಪ್ಸ್ ಎಂಬ ಲೇಖಕಿ 'ಅರೆತೆರೆದ ಬಾಗಿಲುಗಳು' ಎಂಬ ಅರ್ಥದ ಹೆಸರಿನ ಕಾದಂಬರಿಯನ್ನು ಪ್ರಕಟಿಸಿದಳು. ಯುದ್ಧದಲ್ಲಿ ಅಣ್ಣನನ್ನು ಕಳೆದುಕೊಂಡ ಹುಡುಗಿಗೆ ಸಭೆಯ ಹಿರಿಯರ ಒಣ ಉಪದೇಶ ರುಚಿಸುವುದಿಲ್ಲ. ಅಲ್ಲಿ ಮನೆಗಳಿವೆ, ತೋಟಗಳಿವೆ, ನಿನ್ನ ಅಣ್ಣ ನಿನಗಾಗಿ ಕಾದಿದ್ದಾನೆ ಎಂಬ ಚಿಕ್ಕಮ್ಮನ ಮಾತೇ ಅವಳನ್ನು ಬದುಕಿಸುತ್ತದೆ. ಪಂಡಿತರು ಹಳಿದರು, ಜನ ಮುಗಿಬಿದ್ದು ಓದಿದರು.

ಈ ಆಶೆ ಕನ್ನಡಕ್ಕೆ ಬಂದಾಗ ಅದಕ್ಕೊಂದು ಹೆಸರು ಬೇಕಾಯಿತು. ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮೊದಲಾದ ಮಿಷನರಿಗಳ ದುಡಿಮೆಯಿಂದ ೧೮೩೧ರ ವೇಳೆಗೆ ಇಡೀ ಬೈಬಲು ಕನ್ನಡದಲ್ಲಿ ಅಚ್ಚಾಯಿತು. ಸ್ವರ್ಗವೆಂದರೆ ನಮ್ಮ ಜನಕ್ಕೆ ಇಂದ್ರನ ಅಮರಾವತಿ. ಪುಣ್ಯ ತೀರಿದೊಡನೆ ಅಲ್ಲಿಂದ ಮರಳಬೇಕು. ಕ್ರೈಸ್ತರ ನಂಬಿಕೆಯಲ್ಲಿ ಮರಳುವ ಮಾತಿಲ್ಲ. ಬಹುಕಾಲದಿಂದ ಬಳಕೆಯಲ್ಲಿರುವ ಪ್ರಾಟೆಸ್ಟಂಟರ ಸತ್ಯವೇದದಲ್ಲಿ 'ಪರಲೋಕ' ಎಂಬ ಮಾತು ನೆಲೆಗೊಂಡಿದೆ. ಕ್ಯಾಥೊಲಿಕರ ಪ್ರಾರ್ಥನೆಯಲ್ಲಿ 'ಸ್ವರ್ಗ'ವೇ ಹೊಸ ಅರ್ಥವನ್ನು ಹೊತ್ತು ನಿಂತಿದೆ. ಆ ನಗರದತ್ತ ನಡೆಯುವ ಪಯಣಿಗನನ್ನು ಕುರಿತು ಜಾನ್ ಬನ್ಯನ್ ೧೬೭೮ರಲ್ಲಿ ಪ್ರಕಟಿಸಿದ ಕಥೆಯೂ ೧೯ನೇ ಶತಮಾನದಲ್ಲಿ 'ಯಾತ್ರಿಕನ ಸಂಚಾರ'ವಾಗಿ ಕನ್ನಡಿಗರ ಕೈಸೇರಿತು.

ಈಗಿನ ಉಪದೇಶವೇನು? ದೇವರೊಡನೆಯೂ ಧನ್ಯರೆಲ್ಲರೊಡನೆಯೂ ಕೂಡಿ ಬಾಳುವುದೇ ಸ್ವರ್ಗ ಎಂದು ೧೯೯೨ರ ಕ್ಯಾಥೊಲಿಕ್ ಧರ್ಮೋಪದೇಶ ಗ್ರಂಥ ಹೇಳುತ್ತದೆ. ಕೊನೆಯ ಆಶೆ ಆತ್ಮ ಮೇಲೇರುವುದಲ್ಲ, ದೇಹಸಹಿತವಾದ ಪುನರುತ್ಥಾನ ಮತ್ತು ಹೊಸ ಭೂಮಿ ಎಂದು ಇಂಗ್ಲೆಂಡಿನಲ್ಲಿ ಬಿಷಪ್ಪರಾಗಿದ್ದ ಎನ್. ಟಿ. ರೈಟ್ ಮುಂತಾದ ವಿದ್ವಾಂಸರು ನೆನಪಿಸುತ್ತಿದ್ದಾರೆ. ದೇವರು, ನಮ್ಮವರು, ಈ ಮಣ್ಣು ಮೂರೂ ಹೀಗೆ ಒಂದೆಡೆ ಸೇರುತ್ತವೆ. ಪಂಡಿತರು ದೇವದರ್ಶನವನ್ನು ಎತ್ತಿ ಹಿಡಿದಾಗಲೆಲ್ಲ, ಮಕ್ಕಳನ್ನು ಕಳೆದುಕೊಂಡ ತಾಯಂದಿರೂ ಅಣ್ಣಂದಿರನ್ನು ಕಳೆದುಕೊಂಡ ತಂಗಿಯರೂ ತಮ್ಮವರ ಮುಖವನ್ನು ಬೇಡಿದರು. ಧರ್ಮ ಅವರ ಬೇಡಿಕೆಯನ್ನು ತಳ್ಳಿಹಾಕಲಾರದೆ ಹೋಯಿತು. ಅದು ಅದರ ದೌರ್ಬಲ್ಯವಲ್ಲ, ದೊಡ್ಡತನವೆಂದೇ ನಮ್ಮ ಭಾವನೆ.

ರಾಜ್ಯೋತ್ಸವದ ಸಂಭ್ರಮ ಮುಗಿದ ಮರುಸಂಜೆ ಯಾವುದಾದರೂ ಇಗರ್ಜಿಯ ಸ್ಮಶಾನದಲ್ಲಿ ಬತ್ತಿಗಳು ಉರಿಯುವುದನ್ನು ಕಂಡರೆ, ವಾಚಕರು ಒಂದು ಗಳಿಗೆ ನಿಲ್ಲಲಿ. ಅಲ್ಲಿ ನಿಂತವರೂ ತವರಿನ ನೆನಪಿನಲ್ಲಿ ಇರುವವರೇ.