ಉತ್ತರ ಕೊಡಬೇಕಾದವರು ಯಾರು?

ದಕ್ಷಿಣ ಬೆಂಗಳೂರಿನಲ್ಲಿ ಅಕ್ಕಪಕ್ಕದಲ್ಲೇ ಇರುವ ಎರಡು ಬಡಾವಣೆಗಳ ಹೆಸರನ್ನು ಸ್ವಲ್ಪ ಗಮನಿಸಿ. ಒಂದು ಜಯನಗರ. ಮೈಸೂರಿನ ಕೊನೆಯ ಮಹಾರಾಜರಾದ ಜಯಚಾಮರಾಜೇಂದ್ರ ಒಡೆಯರ ಹೆಸರಿನಿಂದ ಬಂದದ್ದು. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರು ಅದಕ್ಕೆ ಅಡಿಗಲ್ಲು ಹಾಕಿದರು. ಅಶೋಕ ಸ್ತಂಭ ಇಂದಿಗೂ ಆ ದಿನದ ಗುರುತಾಗಿ ನಿಂತಿದೆ. ಇನ್ನೊಂದು ಜೆ.ಪಿ. ನಗರ. ಇದು ಜಯಪ್ರಕಾಶ ನಾರಾಯಣರ ಹೆಸರು. ಆರಿಸಿ ಕಳಿಸಿದವರು ಸರಿಯಾಗಿ ನಡೆದುಕೊಳ್ಳದಿದ್ದರೆ ಅವರನ್ನು ವಾಪಸು ಕರೆಸಿಕೊಳ್ಳುವ ಹಕ್ಕು ಮತದಾರನಿಗೆ ಇರಬೇಕು ಎಂದು 1974ರ ಚಳವಳಿಯಲ್ಲಿ ವಾದಿಸಿದವರು ಅವರು.

ರಾಜನ ಹೆಸರಿನ ಬಡಾವಣೆಗೂ ಆಳುವವರನ್ನು ಪ್ರಶ್ನಿಸಿದವರ ಹೆಸರಿನ ಬಡಾವಣೆಗೂ ನಡುವೆ ಇರುವುದು ಒಂದೆರಡು ರಸ್ತೆ ಮಾತ್ರ. ಕನ್ನಡದ ‘ಪ್ರಜೆ’ ಎಂಬ ಪದವೂ ಹಾಗೆಯೇ. ರಾಜನ ಕೈಕೆಳಗೆ ಬಾಳುವವನೂ ಪ್ರಜೆ, ಪ್ರಜಾಪ್ರಭುತ್ವದಲ್ಲಿ ಮತ ಹಾಕುವವನೂ ಪ್ರಜೆ. ಒಂದೇ ಪದ ಎರಡು ಅರ್ಥ ಹೊತ್ತಿರುವುದರಿಂದಲೋ ಏನೋ, ನಾವು ಯಾವಾಗ ಅರ್ಜಿ ಹಿಡಿದು ನಿಂತ ಪ್ರಜೆಗಳಾಗಿರುತ್ತೇವೆ, ಯಾವಾಗ ಲೆಕ್ಕ ಕೇಳುವ ಪ್ರಜೆಗಳಾಗಿರುತ್ತೇವೆ ಎಂಬುದು ನಮಗೇ ಎಷ್ಟೋ ಸಲ ತಿಳಿಯುವುದಿಲ್ಲ.

ಮೋರಿ ಕಟ್ಟಿಕೊಂಡಿದೆ, ಕಸದ ಗಾಡಿ ಬಂದಿಲ್ಲ, ರಸ್ತೆ ಅಗೆದವರು ಮುಚ್ಚದೆ ಹೋಗಿದ್ದಾರೆ. ಇಂಥ ದೂರು ಇಲ್ಲದ ಬೀದಿ ಬನಶಂಕರಿಯಲ್ಲೂ ಇಲ್ಲ, ಬಿ.ಟಿ.ಎಂ. ಬಡಾವಣೆಯಲ್ಲೂ ಇಲ್ಲ. ದೂರು ಹೇಳುವ ಬಾಯಿಗೇನೂ ಬರವಿಲ್ಲ. ಆದರೆ ಅದು ಬರೀ ಗೊಣಗಾಟವಾಗದೆ ಪ್ರಶ್ನೆಯಾಗಬೇಕಾದರೆ ಮೂರು ಸಂಗತಿಗಳು ಬೇಕು: ಕೇಳುವುದಕ್ಕೆ ಒಂದು ಜಾಗ, ಕೇಳುವುದಕ್ಕೆ ಒಂದು ದಿನ, ಮತ್ತು ಉತ್ತರ ಕೊಡಲೇಬೇಕಾದ ಒಬ್ಬ ವ್ಯಕ್ತಿ. ಈ ಮೂರೂ ನಮ್ಮ ನಾಡಿಗೆ ಹೇಗೆ ಬಂದವು, ಹೇಗೆ ಆಗಾಗ ಕೈತಪ್ಪಿದವು ಎಂಬ ಕಥೆ ಕೇಳುವಂಥದ್ದು.

ದಸರೆಯ ಸಭೆ

ಐವತ್ತು ವರ್ಷ ತಾವೇ ಆಳಿದ ಮೈಸೂರು ಸಂಸ್ಥಾನವನ್ನು ಬ್ರಿಟಿಷರು 1881ರಲ್ಲಿ ಒಡೆಯರಿಗೆ ಹಿಂತಿರುಗಿಸಿದರು. ಅದೇ ವರ್ಷ ದಿವಾನ್ ಸಿ. ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರು. ಅಕ್ಟೋಬರ್ 7ರಂದು ಮೈಸೂರಿನಲ್ಲಿ ಸೇರಿದ ಮೊದಲ ಅಧಿವೇಶನಕ್ಕೆ ನಾಡಿನ ಮೂಲೆಮೂಲೆಗಳಿಂದ 144 ಮಂದಿ ಬಂದಿದ್ದರು. ದೇಶದ ಸಂಸ್ಥಾನಗಳಲ್ಲಿ ಇಂಥ ಸಭೆ ಇದೇ ಮೊದಲು. ವರ್ಷಕ್ಕೊಮ್ಮೆ ದಸರೆಯ ಹೊತ್ತಿಗೆ ದಿವಾನರು ಹಿಂದಿನ ವರ್ಷದ ಆದಾಯ ವೆಚ್ಚಗಳನ್ನು, ಕೈಗೊಂಡ ಕೆಲಸಗಳನ್ನು ಸಭೆಯ ಮುಂದೆ ಓದುತ್ತಿದ್ದರು. ಬಂದವರು ತಮ್ಮ ತಾಲ್ಲೂಕಿನ ಕೆರೆ, ರಸ್ತೆ, ಕಂದಾಯದ ಕಷ್ಟಗಳನ್ನು ಹೇಳಿಕೊಳ್ಳುತ್ತಿದ್ದರು.

ಜಾಗ ಸಿಕ್ಕಿತು, ದಿನವೂ ಸಿಕ್ಕಿತು. ಮೂರನೆಯದು ಮಾತ್ರ ಸಿಗಲಿಲ್ಲ. ದಿವಾನರು ಕೇಳಿಸಿಕೊಳ್ಳುತ್ತಿದ್ದರು, ಆದರೆ ಸಭೆಯ ಮಾತಿಗೆ ಕಟ್ಟುಬೀಳಬೇಕೆಂಬ ನಿಯಮವಿರಲಿಲ್ಲ. ಸದಸ್ಯರನ್ನು ಮೊದಲು ಜನ ಆರಿಸುತ್ತಲೂ ಇರಲಿಲ್ಲ. ಚುನಾವಣೆ ಬಂದದ್ದು 1891ರಲ್ಲಿ. ಆಗಲೂ ಮತ ಇದ್ದದ್ದು ಆಸ್ತಿಪಾಸ್ತಿ ಅಥವಾ ವಿದ್ಯೆ ಇದ್ದವರಿಗೆ. ಸಭೆಗೆ ಕಾನೂನಿನ ಬಲ ಬಂದದ್ದು 1923ರಲ್ಲಿ. ಕಂದಾಯ ಕಟ್ಟುವ ರೈತ ಅರಮನೆಯ ಊರಿಗೆ ಹೋಗಿ ಸರ್ಕಾರದ ಲೆಕ್ಕ ಕೇಳಿಸಿಕೊಂಡು ಬರಬಹುದು ಎಂಬ ಅಭ್ಯಾಸ ಮಾತ್ರ ಅಷ್ಟರಲ್ಲಿ ನಾಲ್ಕು ದಶಕಗಳಿಂದ ಬೇರು ಬಿಟ್ಟಿತ್ತು.

ಬೆಂಗಳೂರು ಪೇಟೆಯ ಕಥೆಯೂ ಇದೇ ದಾರಿಯದು. 1862ರಲ್ಲಿ ಪೇಟೆಯ 9 ಮಂದಿ ಪ್ರಮುಖರು ಸೇರಿ ಮುನಿಸಿಪಲ್ ಬೋರ್ಡು ರಚನೆಯಾಯಿತು. ಮರುವರ್ಷ ದಂಡು ಪ್ರದೇಶಕ್ಕೂ ಒಂದು ಬಂತು. ಬೇರೆಬೇರೆಯಾಗಿದ್ದ ಈ ಎರಡೂ ಒಂದಾಗಿ ಬೆಂಗಳೂರು ನಗರ ಕಾರ್ಪೊರೇಷನ್ ಹುಟ್ಟಿದ್ದು 1949ರಲ್ಲಿ, ಅದರ ಮೊದಲ ಚುನಾವಣೆ ನಡೆದದ್ದು 1950ರಲ್ಲಿ. ಅಂದು ಆರಿಸಿ ಬಂದ ಸದಸ್ಯರು 70 ಮಂದಿ. ಬೀದಿಯ ಜನಕ್ಕೆ ತಮ್ಮವನೆಂದು ಹೇಳಿಕೊಳ್ಳಬಹುದಾದ, ಬೆಳಗ್ಗೆ ಮನೆಯ ಬಾಗಿಲು ತಟ್ಟಿ ಕೇಳಬಹುದಾದ ಪ್ರತಿನಿಧಿ ಸಿಕ್ಕಿದ.

ಬಸವನಗುಡಿಯ ಪಾಠ

ಪ್ರತಿನಿಧಿ ಸಿಕ್ಕಿದರೆ ಸಾಲದು, ಅವನನ್ನು ಏನು ಕೇಳಬೇಕೆಂದು ಪ್ರಜೆಗೆ ತಿಳಿದಿರಬೇಕು. ಈ ಮಾತನ್ನು ನಮ್ಮಲ್ಲಿ ಮೊದಲು ಗಂಭೀರವಾಗಿ ತೆಗೆದುಕೊಂಡವರು ಡಿ.ವಿ. ಗುಂಡಪ್ಪನವರು. ‘ಮಂಕುತಿಮ್ಮನ ಕಗ್ಗ’ದ ಕವಿಯೆಂದು ಅವರು ಮನೆಮಾತು. ಆದರೆ ಜೀವನದ ಬಹುಪಾಲನ್ನು ಅವರು ಕಳೆದದ್ದು ಪತ್ರಕರ್ತರಾಗಿ, ಸಾರ್ವಜನಿಕ ವಿಷಯಗಳ ವಿಮರ್ಶಕರಾಗಿ. ಸಂಸ್ಥಾನದ ಶಾಸನ ಸಭೆಯಲ್ಲೂ ಕುಳಿತು ಬಂದವರು. ಕನ್ನಡ ಓದುಗರಿಗೆಂದೇ ರಾಜ್ಯಶಾಸ್ತ್ರವನ್ನು ಕುರಿತು ಪುಸ್ತಕ ಬರೆದರು. 1945ರಲ್ಲಿ, ಸ್ವಾತಂತ್ರ್ಯಕ್ಕೆ ಇನ್ನೂ ಎರಡು ವರ್ಷ ಇರುವಾಗಲೇ, ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದರು. ಬಸವನಗುಡಿಯ ಬುಲ್ ಟೆಂಪಲ್ ರಸ್ತೆಯಲ್ಲಿ ಅದು ಇವತ್ತಿಗೂ ಇದೆ.

ಈ ಸಂಸ್ಥೆ ಯಾರಿಗೂ ಮತ ಕೇಳಲಿಲ್ಲ, ಯಾವ ಪಕ್ಷವನ್ನೂ ಕಟ್ಟಲಿಲ್ಲ. ಪುಸ್ತಕ ಭಂಡಾರ, ಉಪನ್ಯಾಸ, ಚರ್ಚೆ, ಇಷ್ಟೇ ಅದರ ಬಂಡವಾಳ. ಬಜೆಟ್ ಎಂದರೇನು, ಸಂವಿಧಾನ ಏನು ಹೇಳುತ್ತದೆ ಎಂಬುದನ್ನು ಓದಿಕೊಂಡವನು ಸಭೆಯಲ್ಲಿ ಎದ್ದು ನಿಂತರೆ ಅವನ ಮಾತಿಗೆ ತೂಕ ಬರುತ್ತದೆ. ಓದದವನು ಕೂಗುತ್ತಾನೆ, ಕೂಗಿ ಮನೆಗೆ ಹೋಗುತ್ತಾನೆ.

ನಗರಕ್ಕೊಂದು ಅಂಕಪಟ್ಟಿ

ಗುಂಡಪ್ಪನವರ ಕಾಲದ ಓದುವ ಶಿಸ್ತು ಅರ್ಧ ಶತಮಾನದ ಬಳಿಕ ಇನ್ನೊಂದು ರೂಪದಲ್ಲಿ ಕಾಣಿಸಿಕೊಂಡಿತು. ಅಹಮದಾಬಾದಿನ ಐ.ಐ.ಎಂ. ನಿರ್ದೇಶಕರಾಗಿದ್ದ ಸ್ಯಾಮ್ಯುಯೆಲ್ ಪಾಲ್ ಅವರು ಬೆಂಗಳೂರಿನ ಮನೆಮನೆಗಳಲ್ಲಿ, ಕೊಳೆಗೇರಿಗಳಲ್ಲೂ ಕೂಡ, ಒಂದು ಸಮೀಕ್ಷೆ ನಡೆಸಿ ಅದರ ಫಲಿತಾಂಶವನ್ನು 1994ರಲ್ಲಿ ಹೊರತಂದರು. ನಲ್ಲಿ, ವಿದ್ಯುತ್ತು, ಕಸ, ಆಸ್ಪತ್ರೆ, ದೂರವಾಣಿ ಮುಂತಾದ ಸೇವೆಗಳಿಗೆ ಜನರೇ ಅಂಕ ಕೊಟ್ಟ ಪಟ್ಟಿ ಅದು. ಒಟ್ಟಾರೆ ತೃಪ್ತರಾಗಿದ್ದವರು ಶೇ. 9ರಷ್ಟು ಮಾತ್ರ. ಈ ಭಾಗದ ಎಷ್ಟೋ ಬಡಾವಣೆಗಳನ್ನು ಬಿಡಿಸಿ ನಿವೇಶನ ಹಂಚಿದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರಕ್ಕೆ ಸಿಕ್ಕಿದ್ದು ಶೇ. 1! ಪತ್ರಿಕೆಗಳು ಅಂಕಪಟ್ಟಿಯನ್ನು ಊರಿಗೆಲ್ಲ ತೋರಿಸಿದವು.

ಒಂದೇ ಅಂಕಪಟ್ಟಿಗೆ ಯಾರೂ ಬೆದರಲಿಲ್ಲ ಎಂಬುದು ನಿಜ. ಆದರೆ ಪಾಲ್ ಅವರು ಅಷ್ಟರಲ್ಲಿ ಪಬ್ಲಿಕ್ ಅಫೇರ್ಸ್ ಸೆಂಟರ್ ಸ್ಥಾಪಿಸಿದ್ದರು. ಅದು 1999ರಲ್ಲಿ, 2003ರಲ್ಲಿ ಮತ್ತೆ ಅದೇ ಪ್ರಶ್ನೆಗಳನ್ನು ಕೇಳಿತು. ತೃಪ್ತರ ಪ್ರಮಾಣ ಶೇ. 34ಕ್ಕೆ, ಆಮೇಲೆ ಶೇ. 49ಕ್ಕೆ ಏರಿತು. ಸುಧಾರಣೆಗೆ ಬೇರೆ ಕಾರಣಗಳೂ ಇದ್ದವು. ಆದರೂ ಮುಂದಿನ ಸಲವೂ ಅಂಕ ಹಾಕುತ್ತಾರೆ ಎಂದು ಗೊತ್ತಾದ ಕಚೇರಿ ಸ್ವಲ್ಪ ಮೈಮುರಿಯುತ್ತದೆ ಎಂಬುದನ್ನು ತಳ್ಳಿಹಾಕುವಂತಿಲ್ಲ. 2002ರಲ್ಲಿ ಜನಾಗ್ರಹ ಮತ್ತಿತರ ಸಂಸ್ಥೆಗಳು ಸೇರಿ ಮಹಾನಗರ ಪಾಲಿಕೆಯ ಮೂರು ಮೂರು ತಿಂಗಳ ಜಮಾಖರ್ಚನ್ನು ಬಹಿರಂಗ ಸಭೆಯಲ್ಲಿ ಚರ್ಚಿಸುವ ಪ್ರಯತ್ನಕ್ಕೂ ಕೈಹಾಕಿದವು. ರಂಗಾಚಾರ್ಲು ಅವರ ದಸರೆಯ ಲೆಕ್ಕ ಹೀಗೆ ಇನ್ನೊಮ್ಮೆ ಜನರ ಮುಂದೆ ಬಂತು.

ಖಾಲಿ ಕುರ್ಚಿ

ಇಷ್ಟೆಲ್ಲ ಕಲಿತ ಮೇಲೆ ನಗರಕ್ಕೆ ಒದಗಿದ ಅವಸ್ಥೆ ವಿಚಿತ್ರವಾದದ್ದು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯ ಪ್ರಕಾರ ನಗರಸಭೆಯ ಐದು ವರ್ಷದ ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ಮುಗಿದಿರಬೇಕು. ಇದನ್ನು ತಪ್ಪಿಸಲು ನೆಪ ಹೇಳಬಾರದೆಂದು ಸುಪ್ರೀಂ ಕೋರ್ಟು 2006ರಲ್ಲಿ ಗುಜರಾತಿನ ಒಂದು ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿತು. ಅದೇ ವರ್ಷ ನವೆಂಬರಿನಲ್ಲಿ ಬೆಂಗಳೂರು ಮಹಾನಗರ ಪಾಲಿಕೆಯ ಅವಧಿ ಮುಗಿಯಿತು. ಸುತ್ತಲಿನ ನಗರಸಭೆಗಳನ್ನೂ 110 ಹಳ್ಳಿಗಳನ್ನೂ ಸೇರಿಸಿ ಬೃಹತ್ ಪಾಲಿಕೆ ಮಾಡುವ ಕೆಲಸ ನಡೆಯಿತು. ಚುನಾವಣೆ ನಡೆದದ್ದು 2010ರ ಮಾರ್ಚ್ 28ರಂದು!

ಆ ನಡುವಿನ ವರ್ಷಗಳಲ್ಲಿ ಏನಾಯಿತು ಎನ್ನುವುದಕ್ಕೆ ಜಯನಗರವೇ ಸಾಕ್ಷಿ. 2009ರಲ್ಲಿ ಮೆಟ್ರೊ ರೈಲು ಮಾರ್ಗಕ್ಕಾಗಿ ನಂದಾ ರಸ್ತೆಯ ಮರಗಳು ಉರುಳಿದವು. ನಿವಾಸಿಗಳು, ವಿದ್ಯಾರ್ಥಿಗಳು, ‘ಹಸಿರು ಉಸಿರು’ ಬಳಗದವರು ಬೀದಿಗಿಳಿದರು. ಮರಗಳ ವಿಷಯ ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಮೆಟ್ರೊ ಬೇಕೇ ಮರ ಬೇಕೇ ಎಂಬ ವಾದದಲ್ಲಿ ಎರಡು ಕಡೆಗೂ ನ್ಯಾಯವಿತ್ತು. ಆದರೆ ಆ ವಾದ ಮೊದಲು ನಡೆಯಬೇಕಾಗಿದ್ದ ಪಾಲಿಕೆಯ ಸಭಾಂಗಣದಲ್ಲಿ ಆಗ ಒಬ್ಬ ಚುನಾಯಿತ ಸದಸ್ಯನೂ ಇರಲಿಲ್ಲ; ಇದ್ದವರು ಸರ್ಕಾರ ನೇಮಿಸಿದ ಆಡಳಿತಾಧಿಕಾರಿ.

ಇದೇ ಕಥೆ ಮತ್ತೆ ಮರುಕಳಿಸಿತು. 2015ರಲ್ಲಿ ಆರಿಸಿ ಬಂದ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ವಾರ್ಡುಗಳ ಗಡಿ, ಮೀಸಲಾತಿ, ಕೋರ್ಟು ಎಂದು ದಿನ ಸಾಗಿ, ಐದು ವರ್ಷ ಕಳೆದರೂ ಚುನಾವಣೆ ನಡೆಯಲಿಲ್ಲ. ಅಂದರೆ ಒಂದು ಪಾಲಿಕೆಯ ಇಡೀ ಆಯುಸ್ಸು ಪ್ರತಿನಿಧಿಗಳಿಲ್ಲದೆ ಕಳೆಯಿತು. 2025ರ ಸೆಪ್ಟೆಂಬರಿನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ನಗರವನ್ನು ಐದು ಪಾಲಿಕೆಗಳಾಗಿ ಒಡೆದಾಗಲೂ ಅವುಗಳಲ್ಲಿ ಒಬ್ಬ ಚುನಾಯಿತ ಸದಸ್ಯನಿರಲಿಲ್ಲ. ಈ ಅವಧಿಯಲ್ಲಿ ಆಸ್ತಿ ತೆರಿಗೆ ಮಾತ್ರ ಒಂದು ವರ್ಷವೂ ನಿಂತದ್ದಿಲ್ಲ.

ಯಾರನ್ನು ಏನು ಕೇಳುವುದು?

ಮೋರಿ, ಕಸ, ಬೀದಿದೀಪ, ಒಳರಸ್ತೆ ಪಾಲಿಕೆಯವು. ನೀರು, ಒಳಚರಂಡಿ 1964ರಲ್ಲಿ ಹುಟ್ಟಿದ ಜಲಮಂಡಳಿಯದು. ವಿದ್ಯುತ್ತು ಬೆಸ್ಕಾಂನದು, ಬಸ್ಸು ಬಿ.ಎಂ.ಟಿ.ಸಿ.ಯದು, ಬಡಾವಣೆ ಬಿ.ಡಿ.ಎ.ಯದು. ಇವೆಲ್ಲ ರಾಜ್ಯ ಸರ್ಕಾರದ ಕೈಕೆಳಗಿನವು. ಇವುಗಳ ಬಗ್ಗೆ ವಿಧಾನಸಭೆಯಲ್ಲಿ ಪ್ರಶ್ನೆ ಕೇಳಬೇಕಾದವರು ಶಾಸಕರು. ವರ್ಷಕ್ಕೆ 2 ಕೋಟಿ ರೂಪಾಯಿ ಶಾಸಕರಿಗೂ 5 ಕೋಟಿ ರೂಪಾಯಿ ಸಂಸತ್ ಸದಸ್ಯರಿಗೂ ಕ್ಷೇತ್ರದ ಅಭಿವೃದ್ಧಿಗೆಂದು ನಿಗದಿಯಾಗಿರುತ್ತದೆ. ಅದು ಯಾವ ಕೆಲಸಕ್ಕೆ ಹೋಯಿತೆಂದು ಮಾಹಿತಿ ಹಕ್ಕಿನ ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಯಾರಾದರೂ ಕೇಳಬಹುದು. 30 ದಿನದೊಳಗೆ ಉತ್ತರ ಬರಬೇಕು.

ಇದಕ್ಕಿಂತ ಹತ್ತಿರದ ಜಾಗ ವಾರ್ಡ್ ಸಮಿತಿ. 1999ರಲ್ಲಿ 100 ವಾರ್ಡುಗಳಿಗೆ ಒಟ್ಟು 30 ಸಮಿತಿಗಳಾಗಿದ್ದವು. ಸಿವಿಕ್ ಬೆಂಗಳೂರಿನಂಥ ಸಂಸ್ಥೆಗಳ ವರ್ಷಗಳ ಒತ್ತಾಯ, ಹೈಕೋರ್ಟಿನ ಆದೇಶಗಳ ನಂತರ ವಾರ್ಡಿಗೊಂದು ಸಮಿತಿ ಎಂಬ ನಿಯಮ ಕಾರ್ಯರೂಪಕ್ಕೆ ಬಂತು. 2016ರ ನಿಯಮದಂತೆ ಪಾಲಿಕೆ ಸದಸ್ಯನ ಜೊತೆ ಕೂರುವ 10 ಮಂದಿಯಲ್ಲಿ ಮೂವರಾದರೂ ಮಹಿಳೆಯರು, ಇಬ್ಬರಾದರೂ ಪರಿಶಿಷ್ಟ ಜಾತಿ ಪಂಗಡದವರು, ಇಬ್ಬರು ನಿವಾಸಿಗಳ ಸಂಘದವರು. ಹೊಸ ಕಾಯ್ದೆಯಲ್ಲೂ ವಾರ್ಡ್ ಸಮಿತಿಗೆ ಸ್ಥಾನವಿದೆ.

ಈ ಪಾಲುಹಂಚಿಕೆ ಯಾಕೆ ಮುಖ್ಯವೆಂದರೆ, 1891ರ ಚುನಾವಣೆಯಲ್ಲಿ ಮತ ಇದ್ದದ್ದು ಉಳ್ಳವರಿಗೆ. ಇಂದಿನ ನಿವಾಸಿಗಳ ಸಂಘಗಳಲ್ಲೂ ಎಷ್ಟೋ ಕಡೆ ಮಾತಾಡುವವರು ಸ್ವಂತ ಮನೆಯವರೇ. ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಹೆಸರನ್ನು ಹೊತ್ತ ಬಿ.ಟಿ.ಎಂ. ಬಡಾವಣೆಯ ಬಾಡಿಗೆದಾರರು, ಮುಂಜಾನೆ ರಸ್ತೆ ಗುಡಿಸುವ ಪೌರಕಾರ್ಮಿಕರು, ಹಳೆಯ ಊರಿನ ಓಣಿಗಳಲ್ಲಿ ಉಳಿದುಕೊಂಡವರು ಆ ಸಭೆಗೆ ಬಾರದೆ ಹೋದರೆ ನಮ್ಮ ಪ್ರಶ್ನೆಯೂ ಅರ್ಧಂಬರ್ಧವೇ.

ಮತದ ಮಾತು ಹೇಳದೆ ಇದು ಮುಗಿಯುವುದಿಲ್ಲ. 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಶಾಸಕರು ಗೆದ್ದದ್ದು ಒಂದೇ ಒಂದು ಮತದಿಂದ. 2023ರಲ್ಲಿ ಜಯನಗರದ ಫಲಿತಾಂಶ ಮರು ಎಣಿಕೆಯ ಬಳಿಕ ನಿರ್ಧಾರವಾದದ್ದು 16 ಮತಗಳಿಂದ. ಒಂದು ವಠಾರದ ಜನ ಸಾಕು ಅಷ್ಟಕ್ಕೆ. ತಮ್ಮ ಒಂದು ಮತದಿಂದ ಏನಾದೀತು ಎಂದು ಆ ದಿನ ಮನೆಯಲ್ಲೇ ಕುಳಿತವರು ಜಯನಗರದಲ್ಲಿ ಸಾವಿರಾರು ಮಂದಿ ಇದ್ದರು.

ಆದರೆ ಮತ ಒಂದು ದಿನದ ಕೆಲಸ, ಪ್ರಶ್ನೆ ಐದು ವರ್ಷದ ಕೆಲಸ. ಮುಂದೆ ವಾರ್ಡಿನ ಕುರ್ಚಿಯಲ್ಲಿ ಯಾರೇ ಬಂದು ಕೂರಲಿ, ಮೊದಲ ತಿಂಗಳ ಸಮಿತಿ ಸಭೆ ಎಂದು, ಎಲ್ಲಿ ಎಂದು ಕೇಳಿ ತಿಳಿದುಕೊಳ್ಳಿ. ವಾರ್ಡಿಗೆ ಬಂದ ಹಣದ ಲೆಕ್ಕವನ್ನು ಮೊದಲೇ ತರಿಸಿಕೊಂಡು ಓದಿಕೊಳ್ಳಿ. ಪಕ್ಕದ ಮನೆಯ ಬಾಡಿಗೆದಾರನನ್ನೂ ಕರೆದುಕೊಂಡು ಹೋಗಿ ಕೂತು ಕೇಳಿ. ನಡಾವಳಿಯಲ್ಲಿ ನಿಮ್ಮ ಪ್ರಶ್ನೆಯನ್ನು ಬರೆಸದೆ ಎದ್ದು ಬರಬೇಡಿ.