ಮೊಲದ ಜಾಡೂ ಬೀಗಲ್ ನಾಯಿಯ ಆಯ್ಕೆಯೂ

ಕನ್ನಡದಲ್ಲಿ ‘ಮೊಲ’ವೆಂಬ ಒಂದೇ ಹೆಸರಿನಿಂದ ಕರೆಯಲ್ಪಡುವ ಪ್ರಾಣಿಗಳಿಗೆ ಇಂಗ್ಲಿಷಿನಲ್ಲಿ ಎರಡು ಹೆಸರುಗಳಿವೆ. ಬಯಲಿನ ಹುಲ್ಲಿನ ಮರೆಯಲ್ಲಿ ಮಲಗಿ, ಕಣ್ದೆರೆದ ತುಪ್ಪಳ ಹೊದ್ದ ಮರಿಗಳನ್ನು ಈಯುವಂಥದು ‘ಹೇರ್’. ಕಣ್ಣು ಬಿಡದ ಬರಿಮೈಯ ಮರಿಗಳನ್ನು ಈಯುವಂಥದು ‘ರ್‍ಯಾಬಿಟ್’. ಕನ್ನಡನಾಡಿನ ಹೊಲಗಳಲ್ಲಿ ಕಾಣುವ ಮೊಲ ಮೊದಲನೆಯ ವರ್ಗದ್ದು; ವಿಜಯನಗರ ಸ್ಥಾಪನೆಯ ಐತಿಹ್ಯದಲ್ಲಿ ಬೇಟೆನಾಯಿಗಳ ಮೇಲೆ ತಿರುಗಿಬಿದ್ದ ಮೊಲವೂ ಆ ವರ್ಗದ್ದೇ ಎಂದು ತಿಳಿಯಬೇಕು. ಶಬ್ದಾರ್ಥದ ದೃಷ್ಟಿಯಿಂದ ಈ ಭೇದವು ಅಲ್ಪವೆಂದು ತೋರಬಹುದು. ಆದರೆ ಮೊಲದ ಬೇಟೆಗೆಂದೇ ಬೆಳೆಸಲ್ಪಟ್ಟ ಬೀಗಲ್ ಎಂಬ ನಾಯಿಯ ಚರಿತ್ರೆಯನ್ನು ಅರಿಯಬೇಕಾದರೆ ಇದನ್ನು ಬಿಟ್ಟು ಗತಿಯಿಲ್ಲ. ಮೊಲವು ಓಡುವ ರೀತಿಗೆ ಅನುಸಾರವಾಗಿ ನಾಯಿಯ ಗುಣಗಳು ಆರಿಸಲ್ಪಟ್ಟಿವೆ. ಆ ಓಟವನ್ನು ಮರೆತು ಆರಿಸಿದಾಗ ತಳಿಯು ಕೆಲಸಕ್ಕೆ ಬಾರದಂತಾದುದೂ ಉಂಟು.

ಬೇಟೆನಾಯಿಗಳಲ್ಲಿ ಕಣ್ಣಿನಿಂದ ಬೇಟೆಯಾಡುವವು, ಮೂಗಿನಿಂದ ಬೇಟೆಯಾಡುವವು ಎಂದು ಎರಡು ಪಂಗಡಗಳು. ಮುಧೋಳದ ನಾಯಿ ಮೊದಲನೆಯ ಪಂಗಡಕ್ಕೆ ಸೇರಿದುದು; ಅದು ಮೊಲವನ್ನು ಕಂಡು, ವೇಗದಿಂದಲೇ ಹಿಡಿಯುತ್ತದೆ. ಬೀಗಲ್ ನಾಯಿಗೆ ಮೊಲವು ಕಾಣಲೇಬೇಕೆಂದಿಲ್ಲ. ಮೊಲವು ಹಾದುಹೋದ ನೆಲದಲ್ಲಿ ಉಳಿದ ವಾಸನೆಯನ್ನು ಹಿಡಿದು, ಕೂಗುತ್ತ ಹಿಂಬಾಲಿಸುವುದು ಅದರ ಕೆಲಸ. ಗ್ರೀಕರ ಕ್ಸೆನೊಫೋನನ ಹೆಸರಿನಲ್ಲಿರುವ, ಕ್ರಿ. ಪೂ. ೪ನೆಯ ಶತಮಾನದ ಬೇಟೆಯ ಗ್ರಂಥವು ಬಹುಮಟ್ಟಿಗೆ ಇಂಥ ನಾಯಿಗಳನ್ನೂ, ಅವುಗಳ ಸಹಾಯದಿಂದ ಮೊಲವನ್ನು ಬಲೆಗೆ ಅಟ್ಟುವ ಕ್ರಮವನ್ನೂ ಕುರಿತದ್ದು. ಕಣ್ಣಿನಿಂದ ಬೇಟೆಯಾಡುವ ಕೆಲ್ಟರ ನಾಯಿಗಳನ್ನು ಆ ಗ್ರಂಥಕರ್ತನು ಅರಿಯನಾದ ಕಾರಣ, ಕೊರತೆಯನ್ನು ತುಂಬಲೆಂದು ಕ್ರಿ. ಶ. ೨ನೆಯ ಶತಮಾನದ ಅರಿಯನನು ಅದೇ ಹೆಸರಿನ ಮತ್ತೊಂದು ಗ್ರಂಥವನ್ನು ಬರೆದನು.

ಕ್ಸೆನೊಫೋನನು ಹೇಳುವ ದೋಷಗಳ ಪಟ್ಟಿ ಬಹು ಬೆಲೆಯುಳ್ಳದ್ದು. ಜಾಡು ಹಿಡಿದರೂ ಸುಳಿವು ಕೊಡದೆ ಮೌನವಾಗಿ ನಡೆಯುವ ನಾಯಿ, ಜಾಡಿನ ಸುತ್ತ ಹುಚ್ಚು ಹಿಡಿದಂತೆ ಬೊಗಳುತ್ತ ಓಡುವ ನಾಯಿ, ದೂರ ಸುತ್ತಿ ಅಲೆಯುವ ನಾಯಿ, ಸುಳ್ಳು ಜಾಡಿಗೆ ಮೋಸಹೋಗುವ ನಾಯಿ, ಅಸೂಯೆಯಿಂದ ಮುಂದಕ್ಕೆ ನುಗ್ಗುವ ನಾಯಿ, ಆರಂಭದಲ್ಲಿ ಉತ್ಸಾಹ ತೋರಿ ನಡುವೆ ಕೈಬಿಡುವ ನಾಯಿ ಇವೆಲ್ಲ ಅಲ್ಲಿ ಬರುತ್ತವೆ. ಇಂದಿನ ಅಮೆರಿಕಾದ ಬೀಗಲ್ ಪರೀಕ್ಷೆಗಳ ನಿಯಮಗಳಲ್ಲಿ ಎಣಿಸಿರುವ ದೋಷಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಎರಡು ಸಾವಿರ ವರ್ಷಗಳಿಗೂ ಮಿಕ್ಕ ಅಂತರದಲ್ಲಿ ಹೊಸದಾಗಿ ಸೇರಿದ್ದು ಅತ್ಯಲ್ಪವೆಂದು ಕಂಡುಬರುತ್ತದೆ.

ನಾಯಿಯ ನಿಜವಾದ ಪರೀಕ್ಷೆ ನಡೆಯುವುದು ಜಾಡು ಕಡಿಯುವ ಸ್ಥಳದಲ್ಲಿ. ಮೊಲವು ನೇರವಾಗಿ ಓಡುತ್ತಿರುವಾಗ ಸಾಮಾನ್ಯವಾದ ನಾಯಿಯೂ ಚತುರನಂತೆ ತೋರುತ್ತದೆ. ಮೊಲವು ತನ್ನ ಹೆಜ್ಜೆಯ ಮೇಲೆಯೇ ಕೆಲವು ಮಾರು ಹಿಂದಿರುಗಿ, ಪಕ್ಕಕ್ಕೆ ನೆಗೆದು ಬೇರೆ ದಿಕ್ಕು ಹಿಡಿಯಿತೆಂದರೆ ವಾಸನೆ ಥಟ್ಟನೆ ನಿಂತುಹೋಗುತ್ತದೆ. ಆಗ ಒಂದು ನಾಯಿ ವೇಗದ ಭರದಲ್ಲಿ ದೂರ ಸಾಗಿ ದೊಡ್ಡ ಸುತ್ತು ಹಾಕುತ್ತದೆ. ಇನ್ನೊಂದು ನಿಂತಲ್ಲೇ ಮೂಸುತ್ತ ಹೊತ್ತು ಕಳೆಯುತ್ತದೆ. ಮತ್ತೊಂದು ವಾಸನೆಯಿಲ್ಲದೆಯೇ ಕೂಗಿ ಸಂಗಡಿಗರ ದಾರಿ ತಪ್ಪಿಸುತ್ತದೆ. ಒಳ್ಳೆಯ ನಾಯಿಯಾದರೋ ಬಾಯಿ ಮುಚ್ಚಿ, ಕಡಿದ ತಾಣದ ಸಮೀಪದಿಂದಲೇ ಹುಡುಕಲಾರಂಭಿಸಿ, ಸುತ್ತನ್ನು ಸ್ವಲ್ಪಸ್ವಲ್ಪವಾಗಿ ಹಿಗ್ಗಿಸಿ, ಜಾಡು ದೊರೆತ ಕ್ಷಣದಲ್ಲಿ ಸ್ವರವೆತ್ತುತ್ತದೆ. ಇಲ್ಲಿ ಗುಣಕ್ಕೂ ದೋಷಕ್ಕೂ ಇರುವ ಅಂತರ ಬಹಳ ಕಿರಿದು. ಮಂದತೆಯೆಂಬುದು ಅತಿಯಾದ ಎಚ್ಚರ. ಅಲೆತವೆಂಬುದು ಅತಿಯಾದ ಉತ್ಸಾಹ. ಯಾವ ಒಂದು ಗುಣವನ್ನೇ ಹಿಡಿದು ತಲೆಮಾರುಗಟ್ಟಲೆ ಆರಿಸಿದರೂ ಅದರ ಅತಿಯೇ ಕೈಸೇರುವ ಭಯವಿರುತ್ತದೆ.

‘ಬೀಗಲ್’ ಎಂಬ ಶಬ್ದವು ಇಂಗ್ಲಿಷಿನಲ್ಲಿ ೧೫ನೆಯ ಶತಮಾನದಿಂದ ಕಾಣುತ್ತದೆ. ತೆರೆದ ಗಂಟಲೆಂಬ ಅರ್ಥದ ಫ್ರೆಂಚ್ ಮಾತಿನಿಂದ ಇದು ಬಂದಿರಬಹುದೆಂಬ ಊಹೆಯು, ನಾಯಿಯ ಸ್ವರವನ್ನು ಬಲ್ಲವರಿಗೆ ಒಪ್ಪತಕ್ಕದ್ದಾಗಿದೆ. ಮೊದಲನೆಯ ಎಲಿಜಬೆತ್ ರಾಣಿಯ ಕಾಲದಲ್ಲಿ ಅತಿ ಕುಬ್ಜವಾದ ಬೀಗಲ್‌ಗಳನ್ನು ಸಾಕುವುದು ಅರಮನೆಯ ಷೋಕಿಯಾಗಿತ್ತೆಂದು ಹೇಳುತ್ತಾರೆ. ಪೀಟರ್ ಬೆಕ್‌ಫರ್ಡನು ೧೭೮೧ರಲ್ಲಿ ಪ್ರಕಟವಾದ ತನ್ನ ಬೇಟೆಯ ಗ್ರಂಥದಲ್ಲಿ, ಹ್ಯಾರಿಯರ್ ಎಂಬ ದೊಡ್ಡ ನಾಯಿ ಅತಿ ಮಂದವೆಂದೂ ಚಿಕ್ಕ ಬೀಗಲ್ ಅತಿ ಚಪಲವೆಂದೂ ಅಭಿಪ್ರಾಯಪಟ್ಟು, ಇವೆರಡರ ನಡುವಣ ನಾಯಿಯನ್ನು ಮೆಚ್ಚಿದನು. ೧೮೩೦ರ ದಶಕದಲ್ಲಿ ಎಸೆಕ್ಸ್ ಪ್ರಾಂತದ ಪಾದ್ರಿ ಫಿಲಿಪ್ ಹನಿವುಡ್ ಕಟ್ಟಿದ ಹಿಂಡು ಇಂದಿನ ತಳಿಗೆ ಮೂಲವೆಂದು ಗಣಿಸಲ್ಪಡುತ್ತದೆ. ೧೮೯೦ರಲ್ಲಿ ಬೀಗಲ್ ಕ್ಲಬ್ಬೂ, ೧೮೯೧ರಲ್ಲಿ ಹ್ಯಾರಿಯರ್ ಹಾಗೂ ಬೀಗಲ್ ಹಿಂಡುಗಳ ಒಡೆಯರ ಸಂಘವೂ ಹುಟ್ಟಿದವು. ಇಂಗ್ಲೆಂಡಿನ ಹಿಂಡುಗಳು ಬೆನ್ನಟ್ಟುತ್ತಿದ್ದುದು ‘ಹೇರ್’ ಜಾತಿಯ ಮೊಲವನ್ನು. ಬೇಟೆಗಾರರು ಕಾಲ್ನಡೆಯಲ್ಲಿ ಹಿಂಬಾಲಿಸುತ್ತಿದ್ದರು. ವಿಶಾಲವಾದ ಬಯಲಿನಲ್ಲಿ ದೂರ ಓಡುವ ಆ ಮೊಲಕ್ಕೆ ತಕ್ಕಂತೆ ಅಲ್ಲಿ ೧೩ರಿಂದ ೧೬ ಅಂಗುಲ ಎತ್ತರದ ನಾಯಿ ಅಂಗೀಕೃತವಾಯಿತು.

ಅಮೆರಿಕಾದಲ್ಲಿ ಬೇಟೆಯೇ ಬೇರೆ. ೧೮೭೦ರ ದಶಕದಲ್ಲಿ ಇಲಿನಾಯ್ ಸಂಸ್ಥಾನದ ಜನರಲ್ ರಿಚರ್ಡ್ ರೊವೆಟ್ ಇಂಗ್ಲೆಂಡಿನಿಂದ ತರಿಸಿದ ನಾಯಿಗಳ ಸಂತತಿ, ಅಲ್ಲಿನ ‘ಕಾಟನ್‌ಟೇಲ್’ ಎಂಬ ಚಿಕ್ಕ ಮೊಲದ ಹಿಂದೆ ಬಿಡಲ್ಪಟ್ಟಿತು. ಈ ಮೊಲವು ತನ್ನ ಪರಿಚಿತ ಪೊದೆಗಳನ್ನು ಬಿಟ್ಟು ದೂರ ಹೋಗದೆ ಒಂದು ಸುತ್ತು ಹಾಕಿ ಎದ್ದ ಸ್ಥಳಕ್ಕೇ ಮರಳುತ್ತದೆ. ಬೇಟೆಗಾರನು ಬಂದೂಕು ಹಿಡಿದು ಅಲ್ಲಿಯೇ ಕಾದಿರುತ್ತಾನೆ. ನಾಯಿ ಎಲ್ಲಿದೆಯೆಂಬುದು ಅವನಿಗೆ ಸ್ವರದಿಂದಲೇ ತಿಳಿಯಬೇಕು. ಆದುದರಿಂದ ೧೫ ಅಂಗುಲಕ್ಕೆ ಮೀರದ, ಜಾಡು ಬಿಡದ, ಸ್ಪಷ್ಟವಾಗಿ ಕೂಗುವ ನಾಯಿ ಬೇಕಾಯಿತು. ೧೮೮೮ರಲ್ಲಿ ಸ್ಥಾಪಿತವಾದ ನ್ಯಾಷನಲ್ ಬೀಗಲ್ ಕ್ಲಬ್, ಬಯಲಿನಲ್ಲಿಯೇ ನಾಯಿಗಳನ್ನು ಪರೀಕ್ಷಿಸುವುದನ್ನು ತನ್ನ ಉದ್ದೇಶವನ್ನಾಗಿಟ್ಟುಕೊಂಡಿತು. ರೂಪವನ್ನು ನೋಡಿ ಆರಿಸುವ ಪ್ರದರ್ಶನಗಳಿಗೆ ಇದು ತಕ್ಕ ಪ್ರತಿಯೆಂದು ಭಾವಿಸಿದ್ದರೆ ಆಶ್ಚರ್ಯವಿಲ್ಲ.

ಆದರೆ ಅಪಾಯ ಬಂದದ್ದು ಈ ಪರೀಕ್ಷೆಯಿಂದಲೇ. ನಾಯಿಗಳನ್ನು ಎರಡೆರಡಾಗಿ ಬಿಟ್ಟು, ಜಾಡಿನಿಂದ ಅತ್ತಿತ್ತ ಸರಿಯದಿರುವ ನಾಯಿಯನ್ನು ಮೇಲೆಂದು ತೀರ್ಪುಗಾರರು ಎಣಿಸಿದರು. ನಿಧಾನವಾಗಿ ನಡೆಯುವ ನಾಯಿ ಜಾಡನ್ನು ದಾಟಿಹೋಗಲಾರದಷ್ಟೆ. ಗೆದ್ದ ನಾಯಿಗಳಿಂದಲೇ ಮರಿಗಳನ್ನು ಪಡೆದುದರಿಂದ ತಲೆಮಾರಿನಿಂದ ತಲೆಮಾರಿಗೆ ಓಟ ತಗ್ಗಿತು. ೨೦ನೆಯ ಶತಮಾನದ ಉತ್ತರಾರ್ಧದ ಹೊತ್ತಿಗೆ ಬಿರುದು ಪಡೆದ ಎಷ್ಟೋ ನಾಯಿಗಳು ಮೊಲವನ್ನು ಓಡಿಸುವ ಬದಲು ಅದರ ಹೆಜ್ಜೆಗಳನ್ನು ಎಣಿಸುವಂತೆ ತೆವಳುತ್ತಿದ್ದವು. ಮೊಲವು ಎಲ್ಲಿಯೋ ಕುಳಿತು ವಿಶ್ರಮಿಸಬಹುದಾಗಿತ್ತು. ಬಂದೂಕು ಹಿಡಿದ ಸಾಮಾನ್ಯ ಬೇಟೆಗಾರರು ಇಂಥ ನಾಯಿಗಳನ್ನು ತೊರೆದರು. ಚಿಕ್ಕ ಹಿಂಡುಗಳಾಗಿ ನಾಯಿಗಳನ್ನು ಬಿಟ್ಟು, ಮೊಲವನ್ನು ಹುಡುಕಿ ಎಬ್ಬಿಸುವ ಶಕ್ತಿಯನ್ನೂ ಬಂದೂಕಿನ ಸದ್ದಿಗೆ ಅಂಜದಿರುವುದನ್ನೂ ನೋಡುವ ಬೇರೆ ಬಗೆಯ ಪರೀಕ್ಷೆಗಳು ಬಳಕೆಗೆ ಬಂದುದು ಈ ಅಸಮಾಧಾನದಿಂದ. ಉತ್ತರದ ಹಿಮಪ್ರದೇಶಗಳಲ್ಲಿ ದೊಡ್ಡ ಸುತ್ತಿನಲ್ಲಿ ಓಡುವ ‘ಸ್ನೋಶೂ ಹೇರ್’ ಮೊಲದ ಮೇಲೆ ದೊಡ್ಡ ಹಿಂಡುಗಳನ್ನು ಬಿಡುವ ಪದ್ಧತಿ ಈ ರೋಗಕ್ಕೆ ಅಷ್ಟಾಗಿ ಒಳಗಾಗಲಿಲ್ಲ. ಅಲ್ಲಿ ತೆವಳುವ ನಾಯಿ ಹಿಂದೆ ಬೀಳದೆ ಗತಿಯಿಲ್ಲ.

ಇಂಗ್ಲೆಂಡಿನಲ್ಲಿ ತೊಡಕು ಬಂದುದು ಕಾನೂನಿನ ಮೂಲಕ. ೨೦೦೪ರ ಬೇಟೆಯ ಶಾಸನವು ಇಂಗ್ಲೆಂಡು ವೇಲ್ಸುಗಳಲ್ಲಿ ನಾಯಿಗಳಿಂದ ‘ಹೇರ್’ ಬೇಟೆಯಾಡುವುದನ್ನು ನಿಷೇಧಿಸಿತು. ‘ರ್‍ಯಾಬಿಟ್’ ಬೇಟೆಯನ್ನು, ಭೂಮಿಯ ಒಡೆಯನ ಒಪ್ಪಿಗೆಯಿರುವಲ್ಲಿ, ನಿಷೇಧದಿಂದ ಹೊರಗಿಟ್ಟಿತು. ಈ ಶಾಸನವನ್ನು ಕನ್ನಡಿಸುವವನಿಗೆ ‘ಮೊಲ’ವೆಂಬ ಒಂದೇ ಶಬ್ದ ಸಾಲದು. ೨೦೦೫ರಲ್ಲಿ ಶಾಸನವು ಜಾರಿಗೆ ಬಂದ ಬಳಿಕ ಬೀಗಲ್ ಹಿಂಡುಗಳಲ್ಲಿ ಹಲವು, ಮನುಷ್ಯನು ಮುಂದಾಗಿ ನೆಲದ ಮೇಲೆ ಎಳೆದುಹೋದ ವಾಸನೆಯನ್ನು ಹಿಂಬಾಲಿಸತೊಡಗಿದವು. ಆ ಜಾಡಿನ ತಿರುವುಗಳನ್ನು ಗೊತ್ತುಮಾಡುವವನು ಮನುಷ್ಯ; ಹನಿವುಡ್‌ನ ಕಾಲದಿಂದ ಆ ನಾಯಿಗಳನ್ನು ಜರಡಿ ಹಿಡಿಯುತ್ತಿದ್ದುದು ಮೊಲದ ತಿರುವು.