ಏಕತಾರಿ ಎಲ್ಲಿ ಹೋತು?

ಇವತ್ತು ಸ್ಟುಡಿಯೊದಿಂದ ಅಲ್ಲ, ಗಿಣಿಗೇರಾದ ನಮ್ಮ ಮನೆಯಿಂದ ಮಾತಾಡ್ತಿದ್ದೀನಿ. ನಡುವೆ ರೈಲಿನ ಹಾರ್ನ್ ಕೇಳಿಸಿದರೆ ಹೊಟ್ಟೆಗೆ ಹಾಕ್ಕೊಳ್ಳಿ. ಹುಬ್ಬಳ್ಳಿ–ಗುಂತಕಲ್ ಹಳಿ ನಮ್ಮೂರ ಮೇಲೇ ಹಾದುಹೋಗುತ್ತೆ, ಸುತ್ತಮುತ್ತ ಉಕ್ಕಿನ ಕಾರ್ಖಾನೆಗಳು ಬೇರೆ. ಹಗಲು ಹೊತ್ತು ಇಲ್ಲಿ ಮೈಕ್ ಆನ್ ಮಾಡಿದ್ರೆ ಮೊದಲು ಸಿಗೋದು ಒಂದೇ ಸಮನೆಯ ‘ಗುಂಯ್’ ಅನ್ನೋ ಸದ್ದು.

ಮನೆಯಲ್ಲೇ ಹಾಡು ರೆಕಾರ್ಡ್ ಮಾಡೋಕೆ ಯಾವ ಸಾಫ್ಟ್‌ವೇರ್ ಒಳ್ಳೇದು ಅಂತ ನಿಮ್ಮಲ್ಲಿ ಬಹಳ ಜನ ಕೇಳ್ತೀರಿ. ಎರಡು ಹೆಸರು ಹೇಳಿ ಮುಗಿಸಬಹುದು, ಹೇಳ್ತೀನಿ ಕೂಡ. ಆದ್ರೆ ಈ ವಿಷಯದಲ್ಲಿ ನಾನು ಒಂದು ದೊಡ್ಡ ತಪ್ಪು ಮಾಡಿದೀನಿ. ಮೊದಲು ಅದು.

2018ರಲ್ಲಿ ನಮ್ಮ ಅಜ್ಜ ಹಾಡಿದ ಐದು ತತ್ವಪದಗಳನ್ನ ಫೋನಲ್ಲಿ ರೆಕಾರ್ಡ್ ಮಾಡಿದೆ. ಅಜ್ಜ ಒಂದು ಕೈಯಲ್ಲಿ ಏಕತಾರಿ ಮೀಟುತ್ತಾ ಇನ್ನೊಂದು ಕೈಯಲ್ಲಿ ದಮಡಿ ಬಡಿಯೋರು. ಹಿಂದೆ ಕಾರ್ಖಾನೆಯ ಗುಂಯ್. ಆಗ ನನ್ನ ಫೋನಲ್ಲಿದ್ದ ಒಂದು ಆಪ್‌ನಲ್ಲಿ ‘ನಾಯ್ಸ್ ರಿಡಕ್ಷನ್’ ಬಟನ್ ಇತ್ತು. ಒತ್ತಿದೆ. ಗುಂಯ್ ಮಾಯ! ಖುಷಿಯಾಗಿ ಎಂಪಿ3 ಮಾಡಿ, ಫೋನಲ್ಲಿ ಜಾಗ ಇಲ್ಲ ಅಂತ ಮೂಲ ಫೈಲುಗಳನ್ನ ಅಳಿಸಿಬಿಟ್ಟೆ. ಸಂಜೆ ಅಜ್ಜನಿಗೆ ಕೇಳಿಸಿದೆ. ಅವರು ಕಣ್ಣು ಮುಚ್ಚಿ ಕೇಳಿ ಅಂದದ್ದು ಇಷ್ಟು: “ಎಲ್ಲಾ ಛಲೋ ಐತಿ ತಮ್ಮಾ. ನನ್ನ ಏಕತಾರಿ ಎಲ್ಲಿ ಹೋತು?”

ಆಗ ಗೊತ್ತಾಗಲಿಲ್ಲ, ಆಮೇಲೆ ಓದಿ ತಿಳ್ಕೊಂಡೆ. ಆ ಬಟನ್ ಮೊದಲು ‘ಗದ್ದಲ’ದ ಒಂದು ಮಾದರಿ ತಗೊಳ್ಳುತ್ತೆ: ಯಾವ ಸದ್ದು ಏರಿಳಿತ ಇಲ್ಲದೆ ಒಂದೇ ಸಮ ಇದೆಯೋ ಅದು. ಆಮೇಲೆ ಇಡೀ ಹಾಡಿನಿಂದ ಅದನ್ನ ತಗ್ಗಿಸುತ್ತಾ ಹೋಗುತ್ತೆ. ಈಗ ನೀವೇ ಹೇಳಿ, ಏಕತಾರಿಯ ಕೆಲಸ ಏನು? ಮೊದಲಿಂದ ಕೊನೇತನಕ ಒಂದೇ ಶ್ರುತಿ ಹಿಡಿಯೋದು. ಆ ಬಟನ್ನಿನ ಲೆಕ್ಕದಲ್ಲಿ ಕಾರ್ಖಾನೆಯೂ ಏಕತಾರಿಯೂ ಒಂದೇ.

ಯಂತ್ರ ಹೀಗೆ ತನಗೆ ಬೇಕಾದ್ದನ್ನ ಇಟ್ಕೊಂಡು ಉಳಿದದ್ದನ್ನ ಬಿಡೋದು ಹೊಸದೇನಲ್ಲ. 1902ರ ನವೆಂಬರ್‌ನಲ್ಲಿ ಫ್ರೆಡ್ ಗೈಸ್‌ಬರ್ಗ್ ಅನ್ನೋ ಗ್ರಾಮಫೋನ್ ಕಂಪನಿಯವನು ಕಲ್ಕತ್ತಾದ ಒಂದು ಹೋಟೆಲ್ ಕೋಣೆಯಲ್ಲಿ ಗೌಹರ್ ಜಾನ್ ಅವರ ಹಾಡು ರೆಕಾರ್ಡ್ ಮಾಡಿದ. ಮೈಕ್ ಇಲ್ಲ, ಕರೆಂಟ್ ಇಲ್ಲ. ಒಂದು ದೊಡ್ಡ ತುತ್ತೂರಿಯ ಬಾಯಿಗೆ ಮುಖ ಇಟ್ಟು ಜೋರಾಗಿ ಹಾಡಬೇಕು, ಆ ಒತ್ತಡಕ್ಕೆ ಸೂಜಿ ನಡುಗಿ ಮೇಣದ ಮೇಲೆ ಗೀರಬೇಕು. ಮೆಲ್ಲಗಿನ ವಾದ್ಯ ದೂರ ಕೂತ್ರೆ ಅದು ಇಲ್ಲವೇ ಇಲ್ಲ. ಸಿಗೋ ಸಮಯ ಸುಮಾರು ಮೂರು ನಿಮಿಷ. ಗಂಟೆಗಟ್ಟಲೆ ಹಾಡೋ ರಾಗವನ್ನ ಅವರು ಆ ಮೂರು ನಿಮಿಷಕ್ಕೆ ಕಟ್ಟಿದ್ರು. ಕೊನೆಗೆ ಇಂಗ್ಲಿಷಲ್ಲಿ ತಮ್ಮ ಹೆಸರನ್ನೂ ಕೂಗಿ ಹೇಳ್ತಿದ್ರು, ಯಾಕಂದ್ರೆ ಆ ಮೇಣದ ತಟ್ಟೆ ಹೋಗ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ಗೆ. ಅಲ್ಲಿನ ಕೆಲಸಗಾರರಿಗೆ ಇದು ಯಾರ ಹಾಡು ಅಂತ ಗೊತ್ತಾಗಬೇಕಲ್ಲ! ಅದೇ ಗೌಹರ್ ಜಾನ್ ಕೊನೆಗಾಲದಲ್ಲಿ ನಮ್ಮ ಮೈಸೂರಿಗೆ ಬಂದು, 1930ರಲ್ಲಿ ಅಲ್ಲೇ ತೀರಿಕೊಂಡರು.

ಆ ಮೂರು ನಿಮಿಷವನ್ನ ಕಡಿಮೆ ಅನ್ನಬೇಡಿ. ನಮ್ಮೂರ ಹಳಿ ಹಿಡಿದು ಪಶ್ಚಿಮಕ್ಕೆ ಹೋದ್ರೆ ಸಿಗೋ ಗದಗದಲ್ಲಿ, ಒಬ್ಬ ಹುಡುಗ ಅಂಗಡಿಯಲ್ಲಿ ಅಬ್ದುಲ್ ಕರೀಂ ಖಾನರ ಪ್ಲೇಟು ಕೇಳಿ ಹುಚ್ಚನಾಗಿ, 1933ರಲ್ಲಿ ಗುರುವನ್ನ ಹುಡುಕಿ ಮನೆ ಬಿಟ್ಟು ರೈಲು ಹತ್ತಿದ. ಹೆಸರು ಭೀಮಸೇನ ಜೋಶಿ.

1925ರ ಹೊತ್ತಿಗೆ ವಿದ್ಯುತ್ ಮೈಕ್ ಬಂತು, ಪಿಸುಮಾತಿಗೂ ಜಾಗ ಸಿಕ್ತು. ಆಮೇಲೆ ಟೇಪು. ‘ಎಡಿಟಿಂಗ್’ ಅಂದ್ರೆ ಆಗ ನಿಜವಾಗಿ ಬ್ಲೇಡಿನಲ್ಲಿ ಟೇಪು ಕತ್ತರಿಸಿ ಅಂಟಿಸೋದು. ನಾವು ಸ್ಕ್ರೀನ್ ಮೇಲೆ ಒತ್ತೋ ‘ಕಟ್’ ಇದೆಯಲ್ಲ, ಅದು ಆ ಬ್ಲೇಡಿನ ಮರಿ. ಇನ್ನು ‘ಮಾಸ್ಟರಿಂಗ್’ ಅನ್ನೋ ದೊಡ್ಡ ಮಾತು ಶುರುವಾದದ್ದು ಟೇಪಿನ ಹಾಡನ್ನ ಪ್ಲೇಟಿಗೆ ಇಳಿಸೋ ಕೆಲಸದಿಂದ. ಬೇಸ್ ಜಾಸ್ತಿಯಾದ್ರೆ ಸೂಜಿ ಗೆರೆಯಿಂದ ಹಾರುತ್ತೆ, ಹಾರದ ಹಾಗೆ ನೋಡ್ಕೊಳ್ಳೋನೇ ಮಾಸ್ಟರಿಂಗ್ ಎಂಜಿನಿಯರ್. ಜೋರು ಮಾಡೋ ಗೀಳು ಆಮೇಲೆ ಬಂದದ್ದು.

ಕನ್ನಡದ ಮಟ್ಟಿಗೆ ಹೇಳೋದಾದ್ರೆ, ನಮ್ಮ ಸಿನಿಮಾ ಹಾಡುಗಳು ಬಹಳ ಕಾಲ ಮದರಾಸಿನಲ್ಲೇ ರೆಕಾರ್ಡ್ ಆಗ್ತಿದ್ದವು. ಶಂಕರ್ ನಾಗ್ ಬೆಂಗಳೂರಲ್ಲಿ ‘ಸಂಕೇತ್’ ಸ್ಟುಡಿಯೊ ಕಟ್ಟಿದ್ದು ಅದಕ್ಕೇ ದೊಡ್ಡ ಸುದ್ದಿ. ಸಿನಿಮಾದ ಹೊರಗೆ ದಾರಿ ತೆರೆದದ್ದು ಕ್ಯಾಸೆಟ್. ಫಿಲಿಪ್ಸ್ ಕಂಪನಿ ಅದನ್ನ ತಂದದ್ದು 1963ರಲ್ಲಿ, ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ ಭಾವಗೀತೆಗಳ ಕ್ಯಾಸೆಟ್ ಆಗಿ ಬಂದದ್ದು 1978ರಲ್ಲಿ. ಆಮೇಲೆ ಭಜನೆ, ಬಯಲಾಟ, ಗೀಗೀ ಪದ ಎಲ್ಲಾ ಕ್ಯಾಸೆಟ್ಟಿಗೆ ಬಂದವು. ಅದಕ್ಕಿಂತ ದೊಡ್ಡ ವಿಷಯ ಅಂದ್ರೆ, ಟೇಪ್ ರೆಕಾರ್ಡರಿನಲ್ಲಿ ಒಂದು ಕೆಂಪು ಬಟನ್ ಇತ್ತು. ಯಾರು ಬೇಕಾದ್ರೂ ಒತ್ತಬಹುದಿತ್ತು. ನಮ್ಮ ಕಾಕಾನೂ ಒತ್ತಿದ್ದ, ಅದಕ್ಕೆ ಆಮೇಲೆ ಬರ್ತೀನಿ.

ಕಂಪ್ಯೂಟರ್ ಕಾಲಕ್ಕೆ ಬಂದ್ರೆ, 1991ರಲ್ಲಿ ಪ್ರೊ ಟೂಲ್ಸ್ ಬಂದಾಗ ಅದಕ್ಕೆ ಇದ್ದದ್ದು ಬರೀ ನಾಲ್ಕು ಟ್ರ್ಯಾಕ್, ಬೆಲೆ ಸುಮಾರು 6 ಸಾವಿರ ಡಾಲರ್. ಬಡವರ ಮನೆಗೆ ಬಂದದ್ದು ಕೂಲ್ ಎಡಿಟ್. ಅದನ್ನ ಅಡೋಬಿ 2003ರಲ್ಲಿ ಕೊಂಡು ‘ಆಡಿಷನ್’ ಅಂತ ಹೆಸರಿಟ್ಟಿತು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಅಡಾಸಿಟಿ 2000ದಲ್ಲಿ ಬಿಡುಗಡೆಯಾಯ್ತು, ಅವತ್ತಿಂದ ಇವತ್ತಿಗೂ ಪುಕ್ಕಟೆ. ವಿನ್ಆಂಪ್ ಬರೆದ ಜಸ್ಟಿನ್ ಫ್ರ್ಯಾಂಕಲ್ 2005ರ ಕೊನೆಗೆ ರೀಪರ್ ಬಿಟ್ಟ: 60 ದಿನ ಪ್ರಯತ್ನ ಮಾಡಿ ನೋಡಿ, ಆಮೇಲೆ ಮನೆ ಬಳಕೆಗಾದ್ರೆ 60 ಡಾಲರ್ ಕೊಡಿ.

ಇವುಗಳ ನಡುವೆ ಆರಿಸೋವಾಗ ಎಲ್ಲರೂ ಎಷ್ಟು ಟ್ರ್ಯಾಕ್, ಎಷ್ಟು ಎಫೆಕ್ಟ್ ಅಂತ ನೋಡ್ತಾರೆ. ನಾನು ನೋಡೋದು ಬೇರೆ: ನಾನು ಮಾಡಿದ ಬದಲಾವಣೆ ಮೂಲ ಧ್ವನಿಗೆ ತಾಗುತ್ತಾ? ಹಳೇ ರೀತಿಯ ಎಡಿಟರಿನಲ್ಲಿ ಎಫೆಕ್ಟ್ ಹಾಕಿದ್ರೆ ಅಲೆಯೇ ಬದಲಾಗುತ್ತೆ. ಅಡಾಸಿಟಿ ಕೂಡ ಬಹಳ ವರ್ಷ ಹಾಗೇ ಇತ್ತು, 2022ರ 3.2 ಆವೃತ್ತಿಯಲ್ಲಿ ಬೇಕಾದಾಗ ಹಾಕಿ ತೆಗೆಯೋ ಎಫೆಕ್ಟ್ ಬಂದವು. ರೀಪರ್ ಮೂಲ ಫೈಲನ್ನ ಮುಟ್ಟೋದೇ ಇಲ್ಲ, ನೀವು ಹೇಳಿದ್ದನ್ನ ಬೇರೆ ಕಡೆ ಬರೆದಿಟ್ಕೊಂಡು, ಪ್ಲೇ ಮಾಡೋವಾಗ ಪಾಲಿಸುತ್ತೆ. ಬರೀ ಮಾತು, ಭಾಷಣ ಕತ್ತರಿಸೋರಿಗೆ ಅಡಾಸಿಟಿ ಸಾಕು. ಹಾಡು, ನಾಲ್ಕಾರು ವಾದ್ಯ, ಮಾಸ್ಟರಿಂಗ್ ಅಂದ್ರೆ ನನ್ನ ಮತ ರೀಪರಿಗೆ. ಎರಡೂ ಆಂಡ್ರಾಯ್ಡ್ ಫೋನಲ್ಲಿ ನಡೆಯಲ್ಲ, ಲ್ಯಾಪ್‌ಟಾಪ್ ಬೇಕು. ಫೋನೇ ಗತಿ ಅನ್ನೋರು ಕನಿಷ್ಠ ವೇವ್ ಫೈಲಾಗಿ ರೆಕಾರ್ಡ್ ಮಾಡೋ ಆಪ್ ಹಾಕ್ಕೊಳ್ಳಿ. ಹಾಂ, ಕ್ರ್ಯಾಕ್ ಕಾಪಿ ಸಹವಾಸ ಬೇಡ, ವೈರಸ್ಸಿಗೆ ಅದಕ್ಕಿಂತ ಸಲೀಸಾದ ಬಾಗಿಲಿಲ್ಲ.

ಮತ್ತೆ ಆ ಜೋರು ಮಾಡೋ ಗೀಳು: ಡಿಜೆ ಹಾಡಿನ ಹಾಗೆ ಎಲ್ಲವನ್ನೂ ತಲೆಗೆ ಮುಟ್ಟಿಸಬೇಡಿ. ಸ್ಪಾಟಿಫೈ, ಯೂಟ್ಯೂಬ್ ಎರಡೂ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ ಮಟ್ಟಕ್ಕೆ ಜೋರಾದ ಹಾಡನ್ನ ತಾವೇ ಇಳಿಸ್ತವೆ. ನೀವು ಹಿಂಡಿದ್ದಷ್ಟೇ ಲಾಭ.

ಈಗ ಕಾಕಾನ ಕೆಂಪು ಬಟನ್. ಅಜ್ಜ ಈಗಿಲ್ಲ. ನನ್ನ ಹತ್ತಿರ ಇದ್ದದ್ದು ಏಕತಾರಿ ಸತ್ತ ಐದು ಎಂಪಿ3 ಮಾತ್ರ. ಹೋದ ವರ್ಷ ಟ್ರಂಕಿನಲ್ಲಿ ಒಂದು ಸಿ-60 ಕ್ಯಾಸೆಟ್ ಸಿಕ್ತು, ಮೇಲೆ ಕಾಕಾನ ಅಕ್ಷರದಲ್ಲಿ ‘ಶಿವರಾತ್ರಿ ಭಜನಿ’ ಅಂತಿತ್ತು. ಹಾಕಿದ್ರೆ ಕಂಬಳಿ ಹೊದ್ಕೊಂಡು ಹಾಡಿದ ಹಾಗೆ ಮಂಕು. ಗಾಬರಿಯಾಗಿ ಮತ್ತೆ ಬಟನ್ ಹುಡುಕೋಕೆ ಹೊರಟಿದ್ದೆ. ರೇಡಿಯೊ ರಿಪೇರಿ ಮಾಡೋ ಹಿರಿಯರೊಬ್ಬರು ಬೈದ್ರು: “ಸಾಫ್ಟ್‌ವೇರ್ ಬಿಡೋ ಮಾರಾಯಾ, ಮೊದಲ ಹೆಡ್ ಸರಿ ಮಾಡು.” ಟೇಪಿಗೆ ಹೆಡ್ಡು ನೆಟ್ಟಗೆ ಕೂರದಿದ್ರೆ ಮೇಲಿನ ಸ್ವರಗಳೆಲ್ಲಾ ಕಳೆದುಹೋಗ್ತವೆ. ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂ ಕೂದಲೆಳೆಯಷ್ಟು ತಿರುಗಿಸಿದ್ರು. ತಾಳದ ಸದ್ದು ಕಿಣಿ ಅಂತ ಹೊರಗೆ ಬಂತು.

ಅದನ್ನ ರಾತ್ರಿ ಎರಡು ಗಂಟೆಗೆ, 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಲ್ಯಾಪ್‌ಟಾಪಿಗೆ ಇಳಿಸಿದೆ. ಸ್ಟೀರಿಯೊ ಆದ್ರೆ ನಿಮಿಷಕ್ಕೆ ಸುಮಾರು 17 ಎಂಬಿ, ಎರಡೂ ಬದಿ ಸೇರಿ ಒಂದು ಜಿಬಿ ಚಿಲ್ಲರೆ. ಮೂರು ಕಡೆ ಕಾಪಿ ಇಟ್ಟಿದೀನಿ. ಮಾಸ್ಟರಿಂಗ್ ಅಂತ ಮಾಡಿದ್ದು ಎರಡೇ: ತೀರಾ ಕೆಳಗಿನ ಗುಡುಗನ್ನ ತುಸು ತಗ್ಗಿಸಿದೆ, ಒಟ್ಟು ಧ್ವನಿಯನ್ನ ಸ್ವಲ್ಪ ಏರಿಸಿದೆ. ಟೇಪಿನ ‘ಸ್ಸ್ಸ್’ ಹಾಗೇ ಬಿಟ್ಟಿದೀನಿ.

ಶುರುವಿನಲ್ಲಿ ಒಂದು ಕೆಮ್ಮು ಬರುತ್ತೆ, ಆಮೇಲೆ ಅಜ್ಜ ಕಾಕಾನನ್ನ ಕೇಳ್ತಾರೆ, “ಚಾಲೂ ಆತೇನಲೇ?” ಅಂತ. ಅದನ್ನೂ ಕತ್ತರಿಸಿಲ್ಲ. ಇಯರ್‌ಫೋನ್ ಇದ್ರೆ ಹಾಕ್ಕೊಳ್ಳಿ, ಏಕತಾರಿ ಮೆಲ್ಲಗಿದೆ.

[ಕ್ಯಾಸೆಟ್ ಧ್ವನಿ ಆರಂಭ]